ಸೋದರತ್ತೆಯಾಗಲು ಹೋದವನ ನಾಯಿಕೆಮ್ಮು

ಇಪ್ಪತ್ತಾರು ವರ್ಷದ, ಮೀಸೆ ಬಂದ, ಮಕ್ಕಳ ದವಾಖಾನೆಯಲ್ಲೇ ಸಂಬಳಕ್ಕೆ ದುಡಿಯುವ ಗಂಡಸಿಗೆ ನಾಯಿಕೆಮ್ಮು ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅವರ ಮಾತನ್ನು ಅವರದೇ ದನಿಯಲ್ಲಿ ಅವರಿಗೇ ತಿರುಗಿ ಹೇಳಿ, ಸುತ್ತ ನಿಂತವರನ್ನು ನಗಿಸಿ ಕಳಿಸುತ್ತಿದ್ದೆ. ಅದು ಮಕ್ಕಳ ಕಾಯಿಲೆ. ಹಾಲುಹಲ್ಲು, ಚಡ್ಡಿ, ಜೊಲ್ಲು, ನಾಯಿಕೆಮ್ಮು, ಇವೆಲ್ಲ ಒಂದೇ ವಯಸ್ಸಿನ ಸರಕು ಎಂದು ನಂಬಿದ್ದವನು ನಾನು. ಆಮೇಲೆ ಅದು ಬಂತು. ಬಂದದ್ದಷ್ಟೇ ಅಲ್ಲ, ಮನೆಯ ಅತಿ ಸಣ್ಣ ಜೀವದ ಹತ್ತಿರ ನನ್ನನ್ನೇ ವಾಹನ ಮಾಡಿಕೊಂಡು ಹೋಯಿತು.

ಈಗ ಕೆಮ್ಮು ಬಿಟ್ಟಿದೆ. ಆದರೂ ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ದಿನಗಳಲ್ಲಿ ನಾನು ಹುಡುಕಿದ್ದು ಒಬ್ಬನೇ ಒಬ್ಬ ದೊಡ್ಡ ಮನುಷ್ಯನನ್ನು: 'ನನಗೂ ಬಂದಿತ್ತಪ್ಪ, ಸಾಯಲಿಲ್ಲ' ಎನ್ನುವವನನ್ನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಲ್ಲೂ ಸಿಗಲಿಲ್ಲ. ಇದ್ದರೂ ನಾಚಿಕೆಯಿಂದ ಹೇಳಿರಲಿಕ್ಕಿಲ್ಲ. ಹಾಗಾಗಿ ಈಗ ಯಾರಾದರೂ ಗೋಡೆ ಹಿಡಿದುಕೊಂಡು ಕೆಮ್ಮುತ್ತಾ ಇದನ್ನು ಓದುತ್ತಿದ್ದರೆ, ಆ ಮನುಷ್ಯ ನಾನೇ ಎಂದುಕೊಳ್ಳಿ.

ನನ್ನ ಹೆಸರು ಸಿದ್ಧಾರ್ಥ. ಹಾಗೆ ಕರೆದದ್ದು ಶಾಲೆಯ ಹಾಜರಿ ಹೊತ್ತಿನಲ್ಲಿ ಮಾತ್ರ; ಮನೆಯಲ್ಲಿ, ಓಣಿಯಲ್ಲಿ, ದವಾಖಾನೆಯಲ್ಲಿ ಸಿದ್ಯಾ. ಚಿಕ್ಕೋಡಿಯ ಒಂದು ಸಣ್ಣ ಮಕ್ಕಳ ದವಾಖಾನೆಯಲ್ಲಿ ಅಟೆಂಡರ್. ಸರದಿಯ ಪ್ರಕಾರ ಹೆಸರು ಕೂಗುವುದು, ಉಬ್ಬಸದ ಮಕ್ಕಳಿಗೆ ಹಬೆಯ ಮಾಸ್ಕ್ ಹಿಡಿಯುವುದು, ಸೂಜಿ ಹಾಕುವಾಗ ಕೂಸು ಅಲುಗದಂತೆ ನೋಡಿಕೊಳ್ಳುವುದು. ಆದರೆ ತಾಯಂದಿರಿಗೆ ನಾನು ಪರಿಚಯವಿದ್ದದ್ದು ದನಿ ತೆಗೆಯುವವನೆಂದು. ಕಾಗೆ, ಕುರಿಮರಿ, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರ್, ನಿದ್ದೆಗಣ್ಣಿನಲ್ಲಿ ಸ್ಟಾಪಿನ ಹೆಸರು ಕೂಗುವ ನಿಪ್ಪಾಣಿ ಬಸ್ಸಿನ ಕಂಡಕ್ಟರ್. ಸೂಜಿ ಚುಚ್ಚುವ ಕ್ಷಣದಲ್ಲಿ ಕೂಸು ನನ್ನ ಬಾಯಿಯನ್ನೇ ನೋಡುತ್ತಿರಬೇಕು. ಅದಕ್ಕಾಗಿ ನನ್ನ ಮುಖ ಅದರ ಮುಖದಿಂದ ಒಂದು ಗೇಣಿನಷ್ಟು ದೂರ. ಆ ಒಂದು ಗೇಣನ್ನು ನೆನೆದು ಆಮೇಲೆ ಎಷ್ಟು ಸಲ ಬೆವರಿದ್ದೇನೋ.

ದೊಡ್ಡವರ ದನಿಗಳೂ ನನ್ನಲ್ಲಿದ್ದವು. ನಮ್ಮ ಡಾಕ್ಟರದ್ದು ಬಹಳ ಸುಲಭ. ಅವರನ್ನು ನಾವೆಲ್ಲ ಸರ್ ಎನ್ನುತ್ತೇವೆ. ಅವರಿಗೆ ಒಂದೇ ಮಾತು: "ಏನೂ ಆಗೂದಿಲ್ರೀ, ಗಾಬರಿ ಆಗಬ್ಯಾಡ್ರಿ." ಜ್ವರಕ್ಕೂ ಅದೇ, ಭೇದಿಗೂ ಅದೇ, ಮೂಗಿನಲ್ಲಿ ಕಡಲೆ ಸಿಕ್ಕಿಸಿಕೊಂಡು ಬಂದವನಿಗೂ ಅದೇ. ನಾನು ಹೊರಗಿನ ಬೆಂಚಿನ ಹತ್ತಿರ ನಿಂತು ಅದೇ ದನಿಯಲ್ಲಿ ಹೇಳಿದರೆ ಅರ್ಧ ಜನಕ್ಕೆ ಅಲ್ಲೇ ಗುಣವಾದಂತೆ ಅನ್ನಿಸುತ್ತಿತ್ತು. ಸರ್ ಒಳಗಿನಿಂದ "ಸಿದ್ಯಾ, ನನ್ನ ಫೀ ಕಡಿಮಿ ಆಗಾಕತ್ತೈತಿ ನೋಡ" ಎನ್ನುತ್ತಿದ್ದರು.

ಸುರುವಾದದ್ದು ನೆಗಡಿಯಿಂದ. ಮೂಗು ಸೋರಿತು, ನಿಂತಿತು, ಒಣಕೆಮ್ಮು ಉಳಿಯಿತು. ಕೆಮ್ಮುವ ಮಕ್ಕಳ ನಡುವೆ ನಿಂತು ದಿನವೆಲ್ಲ ಹಬೆ ಹಿಡಿಯುವವನಿಗೆ ಕೆಮ್ಮು ಬರುವುದು ಹಿಟ್ಟಿನ ಗಿರಣಿಯವನ ತಲೆ ಬೆಳ್ಳಗಾದಷ್ಟೇ ಸಹಜ. ಯಾರೂ ಗಮನಿಸಲಿಲ್ಲ. ನಮ್ಮ ಹಿರಿಯ ನರ್ಸ್ ಮಂಗಲಾ ಸಿಸ್ಟರ್ ಅಂತೂ ಒಂದು ಸಿದ್ಧಾಂತವನ್ನೇ ಕಟ್ಟಿಕೊಂಡಿದ್ದರು.

"ದವಾಖಾನಿ ಮಂದಿಗೆ ಯಾವ ರೋಗಾನೂ ಹತ್ತೂದಿಲ್ಲೋ. ದಿನಾ ಒಂದ ಚಿಟಿಕಿ, ಒಂದ ಚಿಟಿಕಿ ತಗೊಂಡ ತಗೊಂಡ ನಮ್ಮ ಮೈ ಕಲ್ಲ ಆಗಿರತೈತಿ."

"ನಿಮ್ಮ ಮೈ ಕಲ್ಲಾಗಿದ್ದ ಖರೇರಿ ಸಿಸ್ಟರ್, ಖುರ್ಚಿ ಹೇಳತೈತಿ," ಎಂದೆ. ಹೊಡೆಯಲು ಬಂದರು. ನಕ್ಕೆ. ನಕ್ಕದ್ದೇ ತಪ್ಪಾಯಿತು, ಕೆಮ್ಮು ಎದ್ದಿತು.

ಆ ಕೆಮ್ಮಿನ ಸ್ವಭಾವವೇ ಬೇರೆ. ಸಾಮಾನ್ಯ ಕೆಮ್ಮು ಬಾಗಿಲು ಬಡಿದು ಬರುತ್ತದೆ. ಇದು ಬಾಗಿಲು ಮುರಿದುಕೊಂಡು ಬರುತ್ತದೆ. ಕೆಮ್ಮಿನ ಮೇಲೆ ಕೆಮ್ಮು, ನಡುವೆ ಉಸಿರು ತೆಗೆದುಕೊಳ್ಳಲು ಎಡೆ ಕೊಡುವುದಿಲ್ಲ. ಎದೆಯಲ್ಲಿದ್ದ ಗಾಳಿಯೆಲ್ಲ ಮುಗಿದರೂ ಕೆಮ್ಮು ಮುಗಿಯುವುದಿಲ್ಲ. ಕಣ್ಣಿನ ಮುಂದೆ ಕರಿ ಚುಕ್ಕೆ. ಕೊನೆಗೆ ಎಲ್ಲಿಂದಲೋ ಒಂದು ಉಸಿರು ಊಳಿಡುತ್ತಾ ಒಳಗೆ ಬರುತ್ತದೆ, ಹಿಂದೆಯೇ ವಾಂತಿ. ಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಮನುಷ್ಯ ಎದ್ದು ನಿಂತು ಚಹಾ ಕೇಳುತ್ತಾನೆ. ಇದೇ ದೊಡ್ಡ ಮೋಸ. ಜೋರು ಬರುವುದು ಹೆಚ್ಚಾಗಿ ರಾತ್ರಿ, ಬಿಡುವಿನಲ್ಲಿ ನಾನು ಪೂರಾ ಆರೋಗ್ಯವಂತ. ಸರ್ ಒಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು, ಎಕ್ಸ್‌ರೇ ತೆಗೆಸಿದರು. ಆ ಹೊತ್ತಿಗೆ ಕೆಮ್ಮು ಸಭ್ಯಸ್ಥನಂತೆ ಕೈಕಟ್ಟಿ ಕೂತಿತ್ತು. "ಧೂಳಿನ ಅಲರ್ಜಿ ಇರಬೇಕ, ಏನೂ ಆಗೂದಿಲ್ಲ," ಎಂದರು.

ಒಂದು ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಬಿಳಿಯೆಲ್ಲ ರಕ್ತದ ಬಣ್ಣ. ಕೆಮ್ಮಿನ ಒತ್ತಡಕ್ಕೆ ಒಳಗೆ ಯಾವುದೋ ಸಣ್ಣ ನರ ಒಡೆದಿತ್ತು. ಅವ್ವ ಕಣ್ಣು ನೋಡಿದಳು, ಬಾಯಿ ಮೂಸಿದಳು.

"ಕುಡದ ಬಂದೀಯೇನ?"

"ಇಲ್ಲಬೇ ಅವ್ವಾ, ಕೆಮ್ಮಿ ಹಿಂಗ ಆಗೇತಿ."

"ಕೆಮ್ಮಿದ್ರ ಕಣ್ಣ ಕೆಂಪ ಆಗತಾವ? ನಿಮ್ಮ ದವಾಖಾನ್ಯಾಗ ಇದ ಕಲಿಸ್ಯಾರೇನ?"

ಬಲಗಡೆಯ ಪಕ್ಕೆಲುಬು ಹಿಡಿದುಕೊಂಡಿತ್ತು. ಹೇಳಬಾರದು, ಆದರೆ ಇದನ್ನು ಓದುವ ಯಾರಿಗೋ ಸಮಾಧಾನವಾಗಲಿ ಎಂದು ಹೇಳುತ್ತೇನೆ: ಒಂದೆರಡು ಸಲ ಬಸ್ಸಿನಲ್ಲಿ ಕೆಮ್ಮಿ ಕೆಮ್ಮಿ ಪ್ಯಾಂಟೂ ಒದ್ದೆಯಾಯಿತು. ನಿಮಗೂ ಆಗಿದ್ದರೆ ನೀವೊಬ್ಬರೇ ಅಲ್ಲ.

ಇದೇ ಹೊತ್ತಿನಲ್ಲಿ ನನ್ನ ಅಕ್ಕ ಸುಜಾತಾ ಹೆರಿಗೆಗೆಂದು ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಒಂದು ಹಿಡಿಯಷ್ಟು, ಮುಷ್ಟಿ ಬಿಗಿಹಿಡಿದು, ಯಾರೋ ಸಾಲ ಕೇಳಿದರೇನೋ ಎಂಬಂತೆ ಹುಬ್ಬು ಗಂಟಿಕ್ಕಿಕೊಂಡ ಕೂಸು. ಅವ್ವ ಬಾಣಂತಿ ಕೋಣೆಯ ಬಾಗಿಲಿಗೆ ಪೊಲೀಸಿನ ಹಾಗೆ ಕೂತಳು. ಹೊರಗಿನಿಂದ ಬಂದವರು ಕಾಲು ತೊಳೆಯಬೇಕು, ಕೈ ತೊಳೆಯಬೇಕು, ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಕೂರಬೇಕು. ನೆಗಡಿ ಇದ್ದವರು ಹೊಸ್ತಿಲು ದಾಟುವಂತಿಲ್ಲ. ಪಕ್ಕದ ಮನೆಯ ಮುದುಕಿ ಒಂದು ಸೀನು ಸೀನಿದ್ದಕ್ಕೆ ಅವಳನ್ನು ಚಪ್ಪಲಿ ಸಮೇತ ವಾಪಸು ಕಳಿಸಿದಳು. ಅಪ್ಪ ಸಕ್ಕರೆ ಕಾರ್ಖಾನೆಯಿಂದ ಬಂದರೆ ಜಳಕ ಮಾಡುವವರೆಗೆ ಮೊಮ್ಮಗಳ ಮುಖ ಇಲ್ಲ.

ನಾನೊಬ್ಬ ಮಾತ್ರ ನೇರವಾಗಿ ಒಳಗೆ.

"ಅಂವಾ ದವಾಖಾನ್ಯಾಂವ," ಎಂದಳು ಅವ್ವ, ಬಂದವರೆಲ್ಲರಿಗೂ ಕೇಳಲಿ ಎಂದು ಜೋರಾಗಿ. "ಮೈಯೆಲ್ಲಾ ಡೆಟಾಲ್ ವಾಸ್ನಿ ಹೊಡೀತೈತಿ. ಅವಂಗ ಯಾವ ಸೂತಕಾನೂ ಇಲ್ಲ."

ನಾನೂ ಅದನ್ನೇ ನಂಬಿದ್ದೆ. ಇಡೀ ಓಣಿಯಲ್ಲಿ ಆ ಕೋಣೆಗೆ ಹೋಗಬಾರದಾಗಿದ್ದ ಒಬ್ಬನೇ ಒಬ್ಬನಿಗೆ ಒಳಗೆ ಹೋಗಲು ಮರ್ಯಾದೆಯ ದಾರಿ ಮಾಡಿಕೊಟ್ಟಿದ್ದೆವು. ಕೂಸಿನ ಹತ್ತಿರ ಕೆಮ್ಮು ಬಂದರೆ ನಾನು ಮುಖ ತಿರುಗಿಸುತ್ತಿದ್ದೆ. ಅಷ್ಟೇ ನನ್ನ ವಿಜ್ಞಾನ.

ತೊಟ್ಟಿಲು ಕಾರ್ಯ ಸ್ವಲ್ಪ ತಡವಾಗಿ ಇಟ್ಟುಕೊಂಡರು. ದಾಜಿಗೆ, ಅಂದರೆ ಅಕ್ಕನ ಗಂಡನಿಗೆ, ಆಗ ಶಾಲೆಯಲ್ಲಿ ಪರೀಕ್ಷೆ. ಅವರು ಕಾಗವಾಡದ ಕಡೆ ಮಾಸ್ತರ. ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ, ವಂದನೆ ಹೇಳಿ ಹೆಸರಿಡುವುದು ಪದ್ಧತಿ. ಹಳೆಯದು ಎಷ್ಟೋ ಬಿಟ್ಟಿದ್ದರೂ ಒಂದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು "ಕುರ್‌ರ್" ಎಂದು ಹೆಸರು ಹೇಳಬೇಕು. ಹೇಳಿದ್ದೇ ತಡ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಎಂದು ಯಾರೂ ಕೇಳಿಲ್ಲ. ಗುದ್ದಲು ಸಿಕ್ಕರೆ ಸಾಕು.

ತೊಂದರೆ ಏನೆಂದರೆ ದಾಜಿಗೆ ಅಕ್ಕತಂಗಿಯರಿಲ್ಲ. ಬೀಗತಿ, ಅಂದರೆ ದಾಜಿಯ ತಾಯಿ, ಕಾಗವಾಡದ ಆಯಿ, ಹೆತ್ತದ್ದೆಲ್ಲ ಗಂಡು. ಯಾರನ್ನು ಅತ್ತೆ ಮಾಡುವುದು ಎಂದು ಹಿರಿಯರು ತಲೆ ಕೆಡಿಸಿಕೊಂಡಿದ್ದಾಗ ಅಕ್ಕ ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು.

"ನಮ್ಮ ಸಿದ್ಯಾನ್ನ ಅತ್ತಿ ಮಾಡ್ರಿ. ನಾ ಬಂದಾಗಿಂದ ನಮ್ಮ ಅತ್ತಿ ದನೀನ ತಗ್ಯಾಕತ್ತಾನ."

ಆಯಿ ನನ್ನ ಕಡೆ ನೋಡಿದರು. "ಹೋ ಕಾ? ನನ್ನ ದನಿ ತಗೀತಿಯೇನೋ?"

"ಇಲ್ರೀ ಆಯಿ, ನಿಮ್ಮಂತ ದನಿ ಯಾರಿಗ ಬರತೈತ್ರಿ," ಎಂದೆ, ಅವರದೇ ದನಿಯಲ್ಲಿ. ಬಾಯಿ ತಪ್ಪಿ ಬಂದುಬಿಟ್ಟಿತು. ಮುದುಕಿ ನಕ್ಕು ಒಪ್ಪಿದಳು.

ಆ ದಿನ ಅಕ್ಕನ ಸೀರೆಯೊಂದನ್ನು ಷರಟಿನ ಮೇಲೆ ಸುತ್ತಿಕೊಂಡೆ. ತಲೆ ಮೇಲೆ ಸೆರಗು. ಕೆಂಪು ಕಣ್ಣಿಗೆ ಕಾಡಿಗೆ. ಪಡಸಾಲೆ ತುಂಬ ಜನ, ದವಾಖಾನೆಯಿಂದ ಮಂಗಲಾ ಸಿಸ್ಟರ್ ಬಂದಿದ್ದರು, ಸರ್‌ಗೂ ಹೇಳಿದ್ದೆ. ಅವರು ಯಾರ ಮನೆಗೂ ಹೋಗುವವರಲ್ಲ, ಬರುತ್ತಾರೆಂದು ಎಣಿಸಿರಲಿಲ್ಲ. ನಾನು ಸೊಂಟ ತಿರುವುತ್ತಾ ತೊಟ್ಟಿಲ ಹತ್ತಿರ ಬಂದಾಗ ಬಿದ್ದ ನಗು ಇನ್ನೂ ಕಿವಿಯಲ್ಲಿದೆ. ಹಿಂದೆ ಹೆಂಗಸರು ಮುಷ್ಟಿ ಬಿಗಿದು ಸಾಲಾಗಿ ನಿಂತರು. ಬಗ್ಗಿದೆ. ಕೂಸು ಎಚ್ಚರವಿತ್ತು. ಅದರ ಕಿವಿ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು.

"ಕುರ್‌ರ್..." ಎಂದೆ.

ಹೆಸರು ಬರಲಿಲ್ಲ. ಕೆಮ್ಮು ಬಂತು. ಮುಖ ಭುಜದ ಕಡೆ ತಿರುಗಿಸಿದೆ, ಅಷ್ಟು ಮಾತ್ರ ನೆನಪಿದೆ. 'ಕುರ್‌ರ್' ಕೇಳಿಸಿದ್ದರಿಂದ ಹೆಂಗಸರು ತಮ್ಮ ಕೆಲಸ ಸುರುಮಾಡಿದರು. ಧಡ್, ಧಡ್, ಧಡ್. ಮಂಗಲಾ ಸಿಸ್ಟರ್ ಎಷ್ಟೋ ವರ್ಷದ ಬಾಕಿ ತೀರಿಸುತ್ತಿದ್ದರು. ನಾನು ಕೆಮ್ಮುತ್ತಿದ್ದೆ, ಅವರು ಗುದ್ದುತ್ತಿದ್ದರು, ಪಡಸಾಲೆ ನಗುತ್ತಿತ್ತು. ಇದೂ ಸಿದ್ಯಾನ ಒಂದು ವೇಷ ಎಂದುಕೊಂಡರು. ಗಾಳಿ ಪೂರಾ ಮುಗಿಯಿತು. ತೊಟ್ಟಿಲ ಹಗ್ಗ ಹಿಡಿದುಕೊಂಡೆ. ಆಮೇಲೆ ಆ ಉಸಿರು ಬಂತು, ಉದ್ದಕ್ಕೆ, ಊಳಿಡುತ್ತಾ.

"ಕೂಸಿನ್ನ ಎತ್ತರಿ!"

ನಗು ಒಂದೇ ಏಟಿಗೆ ನಿಂತಿತು. ಬಾಗಿಲಲ್ಲಿ ಸರ್ ನಿಂತಿದ್ದರು. ಒಂದು ಕೈಯಲ್ಲಿ ಪೇಡೆಯ ಡಬ್ಬಿ, ಇನ್ನೊಂದರಲ್ಲಿ ಆಗಷ್ಟೇ ಕಳಚಿದ ಬೂಟು.

"ಮದಲ ಕೂಸಿನ್ನ ಎತ್ತರಿ! ಅವನ ಹತ್ರ ಇಡಬ್ಯಾಡ್ರಿ! ಹೊರಗ ಒಯ್ರಿ!"

ಸರ್ ಕೂಗಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಅಕ್ಕ ಕೂಸನ್ನು ಕಸಿದುಕೊಂಡು ಹಿತ್ತಲಿಗೆ ಓಡಿದಳು. ನಾನು ಸೀರೆಯಲ್ಲಿ, ನೆಲದ ಮೇಲೆ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಕೂತಿದ್ದೆ. ಸರ್ ನನ್ನನ್ನು ಅಂಗಳಕ್ಕೆ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿದರು.

"ಈ ಸಪ್ಪಳ ಎಂದಿಂದ ಬರಾಕತ್ತೈತಿ?"

"ಎರಡ ಮೂರ ವಾರ ಆತ್ರಿ ಸರ."

"ಕೂಸಿನ ಹತ್ರ?"

"ಹುಟ್ಟಿದಾಗಿಂದ ಅಲ್ಲೇ ಅದೇನ್ರಿ."

ಅವರು ಒಳ್ಳೆಯ ಇಸ್ತ್ರಿ ಪ್ಯಾಂಟಿನಲ್ಲೇ ಕಟ್ಟೆಯ ಮಣ್ಣಿನ ಮೇಲೆ ಕುಸಿದು ಕೂತರು. "ಇದ ನಾಯಿಕೆಮ್ಮ, ಸಿದ್ಧಾರ್ಥ."

ನಾಯಿಕೆಮ್ಮು ಎಂದದ್ದಕ್ಕಿಂತ ಸಿದ್ಧಾರ್ಥ ಎಂದದ್ದಕ್ಕೆ ಹೆಚ್ಚು ಹೆದರಿದೆ. ಆದರೂ ಹಲ್ಲು ಕಿರಿದೆ. "ಏನ್ರಿ ಸರ, ಅದ ಹುಡ್ರ ರೋಗ. ಸಣ್ಣಂವ ಇದ್ದಾಗ ಎಲ್ಲಾ ಸೂಜಿ ಹಾಕ್ಸ್ಯಾರ್ರಿ ನನಗ."

"ಹಾಕ್ಸಿದ್ದ ಖರೆ. ಆದ್ರ ಅದ ಜೀವನಪೂರ್ತಿ ಉಳಿಯೂದಿಲ್ಲ. ಇಷ್ಟ ವರ್ಷಕ್ಕ ಸವದ ಹೋಗಿರತೈತಿ. ದೊಡ್ಡವ್ರೂ ಇನ್ನೊಮ್ಮಿ ಹಾಕಿಸ್ಕೋಬೇಕ. ನಮ್ಮಂಥಾವ್ರಂತೂ ಹಾಕಿಸ್ಕೋಬೇಕ."

"ನೀವ ಹಾಕಿಸ್ಕೊಂಡೀರೇನ್ರಿ?"

ಅವರು ಪೇಡೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. "ಇಲ್ಲ."

ನಂಬಲಾಗಲಿಲ್ಲ. ಈಗಲೂ ನಂಬಲಾಗುವುದಿಲ್ಲ. ತಾಲೂಕಿನ ಅರ್ಧ ಮಕ್ಕಳ ತೊಡೆಗೆ ಆ ಸೂಜಿ ಹಾಕಿದ ದವಾಖಾನೆ ನಮ್ಮದು. ತಡವಾಗಿ ತಂದ ತಾಯಂದಿರನ್ನು ನಾನೇ ಸರ್ ದನಿಯಲ್ಲಿ ಗದರಿಸಿದ್ದೇನೆ. ಫ್ರಿಜ್ಜಿನಲ್ಲಿ ಔಷಧಿ, ಗೋಡೆಯ ಮೇಲೆ ನಗುವ ಕೂಸಿನ ಚಿತ್ರ, ಕೆಳಗೆ ಸೂಜಿಗಳ ಸರದಿ. ಆ ಗೋಡೆಗೇ ಬೆನ್ನು ಕೊಟ್ಟು ದಿನವೂ ಡಬ್ಬಿ ಬಿಚ್ಚಿ ಊಟ ಮಾಡುವ ನಮಗೆ, ಡಾಕ್ಟರಿಂದ ಹಿಡಿದು ಕಸಬಳಿಯುವ ಹೆಂಗಸಿನವರೆಗೆ, ಒಬ್ಬರಿಗೂ ಇದು ನಮ್ಮ ಮೈಗೂ ಸಂಬಂಧಪಟ್ಟದ್ದು ಎಂದು ಅನ್ನಿಸಿರಲಿಲ್ಲ. ನನಗೆ ಯಾವ ಮಗುವಿನಿಂದ ಬಂತೋ ಯಾರಿಗೂ ತಿಳಿಯದು. ನಾನು ಯಾರಿಗೆ ಕೊಟ್ಟೆನೋ ಎಂದು ಕೇಳಿದಾಗ ಸರ್ "ನಾಳಿಂದ ಫೋನ್ ಹಚ್ತೀನಿ ಎಲ್ಲಾರಿಗೂ" ಎಂದಷ್ಟೇ ಹೇಳಿದರು.

"ನಮ್ಮ ಕೂಸಿಗೇನೂ ಆಗೂದಿಲ್ಲಲ್ರಿ ಸರ?"

ಅವರ ಆ ಮಾತಿಗಾಗಿ ಕಾದೆ. ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದ ಆ ಒಂದು ಮಾತು. ಸರ್ ಹೇಳಲಿಲ್ಲ. ಬೂಟು ಹಾಕಿಕೊಳ್ಳದೆ, ಕಾಲು ತೊಳೆದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂಸಿನ ಹತ್ತಿರ ಹೋದರು.

ಒಳಗಿನಿಂದ ಆಯಿಯ ದನಿ ಕೇಳಿತು. "ಡಾಂಗ್ಯಾ ಖೋಕಲಾ? ಎವಡ್ಯಾ ಲೇಕರಾಲಾ?" ನಾಯಿಕೆಮ್ಮೇ, ಇಷ್ಟು ಸಣ್ಣ ಕೂಸಿಗೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಆಮೇಲೆ ಅವ್ವನ ದನಿ. ಅದರಲ್ಲಿ ಮಾತಿರಲಿಲ್ಲ.

ನನ್ನ ಮೂಗಿನಿಂದ ಉದ್ದನೆಯ ಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲಿ ಎಂದು ಕಾಯಲಿಲ್ಲ. ಅವತ್ತೇ ನನಗೆ, ಅವ್ವ ಅಪ್ಪನಿಗೆ, ಅಕ್ಕನಿಗೆ, ದಾಜಿಗೆ, ಕೂಸಿಗೆ ಎಲ್ಲರಿಗೂ ಔಷಧಿ. ಹೋಳಿಗೆ ಊಟಕ್ಕೆ ಬಂದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಲಿ ಹುಡುಕಿಕೊಂಡು ಹೋದರು. ನಾನು ಮಾಳಿಗೆಯ ಮೇಲಿನ ತಗಡಿನ ಕೋಣೆಗೆ. ಔಷಧಿ ಹೊಟ್ಟೆಗೆ ಬಿದ್ದ ಮೇಲೂ ಕೆಲವು ದಿನ ಯಾರ ಹತ್ತಿರವೂ ಸುಳಿಯಬಾರದು ಎಂದು ಅಪ್ಪಣೆ. ಅವ್ವ ಮೆಟ್ಟಿಲ ಮೇಲೆ ತಾಟು ಇಟ್ಟು ಇಳಿದುಹೋಗುವಳು.

"ಅವ್ವಾ, ಕೂಸ ಕೆಮ್ಮೇತೇನ?"

"ಇಲ್ಲೋ. ಉಣ್ಣ ನೀ."

ದಿನವೂ ಇದೊಂದೇ ಮಾತು. ಮೇಲೆ ಕೂತು ಕಿವಿಯನ್ನೆಲ್ಲ ಕೆಳಗಿಟ್ಟಿದ್ದೆ. ಹಾಲು ಕುಡಿದು ತೇಗುವುದು, ಸೀನುವುದು, ಮುಲುಗುವುದು. ಒಂದು ಸೀನಿಗೆ ನನ್ನ ಜೀವ ಹೋಗಿ ಬರುತ್ತಿತ್ತು. ಕೆಮ್ಮಿಲ್ಲ, ಕೆಮ್ಮಿಲ್ಲ ಎಂದು ಮನೆಯವರೆಲ್ಲ ಸ್ವಲ್ಪ ಸ್ವಲ್ಪವಾಗಿ ಉಸಿರು ಬಿಡತೊಡಗಿದ್ದರು. ಔಷಧಿ ಹಿಡಿಯಿತು ಎಂದೇ ಎಲ್ಲರ ಲೆಕ್ಕ.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಅಕ್ಕ ಕಿರುಚಿದಳು.

"ಅವ್ವಾ! ತುಟಿ ನೋಡ! ತುಟಿ!"

ಮೆಟ್ಟಿಲು ಇಳಿದೆ, ಅರ್ಧಕ್ಕೆ ನಿಂತೆ. ಮುಂದೆ ಹೋಗುವ ಹಾಗಿಲ್ಲ. ಅಲ್ಲಿಂದ ಕಾಣುತ್ತಿತ್ತು: ಅಕ್ಕನ ತೊಡೆಯ ಮೇಲೆ ಕೂಸು, ಬಾಯಿ ತೆರೆದಿದೆ, ಮುಖ ನೇರಳೆಹಣ್ಣಿನ ಬಣ್ಣ. ಸಪ್ಪಳವೇ ಇಲ್ಲ. ಅಳುವಿಲ್ಲ, ಕೆಮ್ಮಿಲ್ಲ. ಎದೆ ಅಲುಗುತ್ತಿಲ್ಲ. ಅಷ್ಟು ಸಣ್ಣ ಕೂಸಿಗೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ, ಉಸಿರು ಸುಮ್ಮನೆ ನಿಲ್ಲುತ್ತದೆ, ತುಟಿಯ ಮೇಲೆ ಕಣ್ಣಿಡಿ ಎಂದು ಸರ್ ಅವತ್ತೇ ಹೇಳಿಹೋಗಿದ್ದರು. ನಾವೆಲ್ಲ ಕಿವಿ ಕೊಟ್ಟು ಕೂತಿದ್ದೆವು. ಕಣ್ಣಿಟ್ಟವಳು ಅಕ್ಕ ಒಬ್ಬಳೇ. ಅವಳು ಕೂಸಿನ ಅಂಗಾಲಿಗೆ ಬೆರಳಿನಿಂದ ಫಟ್ಟನೆ ಹೊಡೆದಳು. ಇನ್ನೊಮ್ಮೆ. ಕೂಸು ಬೆಕ್ಕಿನಮರಿಯಂತೆ ಒಂದು ಎಳೆ ದನಿ ತೆಗೆಯಿತು.

ಎಲ್ಲರ ದನಿ ತೆಗೆಯುವ ನಾನು ಮೆಟ್ಟಿಲ ಮೇಲೆ ಕಂಬದ ಹಾಗೆ ನಿಂತಿದ್ದೆ. ಆ ನಿಶ್ಶಬ್ದಕ್ಕೆ ತೆಗೆಯಲು ದನಿಯೇ ಇರಲಿಲ್ಲ.

ನಮ್ಮ ದವಾಖಾನೆಯಲ್ಲಿ ಸರ್ ನೋಡಿದವರೇ, "ಇಲ್ಲಿ ಇಟ್ಕೊಳ್ಳಾಕ ನನಗ ಧೈರ್ಯ ಇಲ್ಲ," ಎಂದು ಆಂಬುಲೆನ್ಸಿನಲ್ಲಿ ತಾವೇ ಕೂತು ಮಿರಜಕ್ಕೆ ಹೊರಟರು. ನಾನು ಮಾಳಿಗೆಯ ಶಿಕ್ಷೆ ಮುಗಿದ ದಿನವೇ ಕಾಗವಾಡದ ಮೇಲೆ ಹೋಗುವ ಬಸ್ಸು ಹಿಡಿದೆ.

ಮಿರಜದ ಆ ದೊಡ್ಡ ದವಾಖಾನೆಯಲ್ಲಿ ಸಣ್ಣ ಕೂಸುಗಳ ಐಸಿಯು ಮುಂದೆ ಉದ್ದನೆಯ ಹಾಲ್. ಅರ್ಧ ಮರಾಠಿ, ಅರ್ಧ ಕನ್ನಡ, ಎಲ್ಲ ಪಿಸುಮಾತು. ಔಷಧಿ ರೋಗಾಣುವನ್ನು ಕೊಂದರೂ ಕೆಮ್ಮು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ನನಗೆ ಗೊತ್ತು, ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಒಮ್ಮೆ ಕೆಮ್ಮಿದೆ, ಬೆಂಚಿನ ಅರ್ಧ ಖಾಲಿ. ಎರಡನೆಯ ಸಲಕ್ಕೆ ವಾಚ್‌ಮನ್ ಬಂದ.

"ಓ ಭಾವು, ಬಾಹೇರ ಬಸಾ."

"ಆತಾ ಲಾಗತ್ ನಾಹೀ ಕುಣಾಲಾ," ಎಂದೆ, ಈಗ ಯಾರಿಗೂ ಹತ್ತುವುದಿಲ್ಲ ಎಂದು. ಹೊರಗೆ ಹೋಗಿ ಕೂರು ಎಂದು ಅವನು ಮತ್ತೆ ಕೈಯಲ್ಲೇ ಬಾಗಿಲು ತೋರಿಸಿದ. ಅವನದೇನು ತಪ್ಪು? ನಮ್ಮ ದವಾಖಾನೆಯಲ್ಲಿ ಅದೇ ಕೆಲಸ ನನ್ನದು.

ಹೊರಗೆ ಬೇವಿನ ಮರದ ಕೆಳಗೆ ಕೂತೆ. ಅಲ್ಲಿ ಚಹಾ ಮಾರುವ ಹೆಂಗಸು ನಾನು ಕೆಮ್ಮಿ ಮುಗಿಸುವವರೆಗೆ ನೋಡಿದಳು. ಏನೂ ಕೇಳದೆ ಒಂದು ಲೋಟ ಬಿಸಿನೀರು ತಂದಿಟ್ಟು ತನ್ನ ಒಲೆಯ ಹತ್ತಿರ ಹೋದಳು. ಆ ದಿನಗಳಲ್ಲಿ ನನ್ನಿಂದ ಹಿಂದೆ ಸರಿಯದೆ ಮುಂದೆ ಬಂದ ಮೊದಲ ಜೀವ ಅವಳು. ಹೆಸರು ಕೇಳಲಿಲ್ಲ.

ಎರಡನೆಯವರು ಆಯಿ. ಅವರ ಮೊಮ್ಮಗಳನ್ನು ಐಸಿಯುಗೆ ಹಾಕಿದವನು ನಾನು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತಿದ್ದೆ. ಅವರು ಪಕ್ಕದಲ್ಲಿ ಕೂತರು.

"ಮಾರಿ ಅತ್ಲಾಗ ಮಾಡ."

ತಿರುಗಿದೆ. ಬೆನ್ನ ಮೇಲೆ ಕೈ ಬಿತ್ತು. ಗುದ್ದಲಿಲ್ಲ, ಮೇಲಿಂದ ಕೆಳಗೆ ನೀವಿದರು.

"ನನ್ನ ನಡುವಿನ ಮಗಾ ಇದರಾಗ ಹ್ವಾದ," ಎಂದರು. "ಮೂರ ತಿಂಗಳದಂವ. ಆವಾಗ ಯಾವ ಸೂಜಿ, ಯಾವ ದವಾಖಾನಿ? ಹಿಂಗ ಬೆನ್ನ ನೀವಕೋತ ಕುಂತಿದ್ದೆ."

ಅವರಿಗೆ ಇನ್ನೊಬ್ಬ ಮಗನಿದ್ದನೆಂದು ದಾಜಿಯೂ ನಮಗೆ ಹೇಳಿರಲಿಲ್ಲ.  ಆಯಿ ನೀವುತ್ತಲೇ ಹೇಳಿದರು: "ನೀನೂ ಸಾಯಬ್ಯಾಡ ಮತ್ತ. ನನ್ನ ಸೊಸಿಗೆ ಒಂದ ಅಳೂದ ಸಾಕಾಗೇತಿ."

ಅಕ್ಕ ಆಗಾಗ ಹೊರಗೆ ಬರುತ್ತಿದ್ದಳು. ದಾಜಿಗೆ ಹೇಳುವಳು, ಆಯಿಗೆ ಹೇಳುವಳು: ಬೆಳಿಗ್ಗೆಯಿಂದ ಒಮ್ಮೆ ನಿಂತಿತ್ತು, ಮೂಗಿಗೆ ನಳಿಗೆ ಹಾಕ್ಯಾರ, ಹಾಲು ನಳಿಗೆಯಿಂದಲೇ ಕೊಡತಾರ. ನನ್ನ ಕಡೆ ನೋಡುತ್ತಿರಲಿಲ್ಲ. ಸಿಟ್ಟು ಮಾಡಿದ್ದರೆ ನಾಟಕ ಮಾಡಿ ನಗಿಸಬಹುದಿತ್ತು. ಅವಳ ಕಣ್ಣು ನಾನಿದ್ದ ಜಾಗವನ್ನು ಖಾಲಿ ಗೋಡೆಯ ಹಾಗೆ ದಾಟಿಹೋಗುತ್ತಿತ್ತು. ಕೆಮ್ಮಿಗೆ ಔಷಧಿ ಇತ್ತು, ಇದಕ್ಕೆ ಇರಲಿಲ್ಲ.

ಕೂಸು ಬದುಕಿತು. ಅದನ್ನು ಕೊನೆಯವರೆಗೆ ಮುಚ್ಚಿಟ್ಟು ನಿಮ್ಮನ್ನು ಕಾಯಿಸುವುದಿಲ್ಲ. ನಾವು ಕಾದದ್ದೇ ಸಾಕು. ಉಸಿರು ನಿಲ್ಲುವುದು ಮೊದಲು ಕಡಿಮೆಯಾಯಿತು, ಆಮೇಲೆ ಬಿಟ್ಟಿತು. ಮೊದಲ ದಿನವೇ ಔಷಧಿ ಬಿದ್ದದ್ದರಿಂದ ಉಳಿಯಿತು ಎಂದರು ಅಲ್ಲಿನ ಡಾಕ್ಟರು. ಆದರೆ ಅಕ್ಕ ಮನೆಗೆ ಬಂದ ಮೇಲೂ ನನ್ನ ಜೊತೆ ಮಾತಾಡಲಿಲ್ಲ. ನಾನು ಕೋಣೆಗೆ ಹೋಗಲಿಲ್ಲ. ಹೆಸರಿಡುವ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಕೆಲಸಕ್ಕೆ ಮರಳಿದಾಗ ಪರೀಕ್ಷೆಯ ವರದಿ ಬಂದಾಗಿತ್ತು. ಸರ್ ಕಿವಿಯಿಂದ ಕೇಳಿದ್ದನ್ನೇ ಅದೂ ಹೇಳಿತ್ತು. ಅವರು ನಮ್ಮಲ್ಲಿಗೆ ಬಂದಿದ್ದ ಸಣ್ಣ ಮಕ್ಕಳ ಮನೆಗಳಿಗೆಲ್ಲ ಫೋನ್ ಮಾಡಿ ಮುಗಿಸಿದ್ದರು. ಕೆಮ್ಮಿದ್ದವರನ್ನು ಕರೆಸಿ ಔಷಧಿ ಕೊಟ್ಟಿದ್ದರು. ಯಾರಿಗೂ ನಮ್ಮ ಕೂಸಿನಷ್ಟು ಆಗಿರಲಿಲ್ಲ. ಆ ಫೋನುಗಳಲ್ಲಿ ಎಷ್ಟು ಬೈಗುಳ ತಿಂದರೋ, ಹೇಳಲಿಲ್ಲ. ದೊಡ್ಡವರ ಸೂಜಿ ನಮ್ಮ ಊರಲ್ಲಿ ಸಿಕ್ಕಿರಲಿಲ್ಲ. ಔಷಧ ಅಂಗಡಿಯವನು "ದೊಡ್ಡವ್ರಿಗಾ? ಯಾರೂ ಕೇಳೂದಿಲ್ಲಲ್ರಿ" ಎಂದನಂತೆ. ಬೆಳಗಾವಿಯಿಂದ ಐಸಿನ ಡಬ್ಬಿಯಲ್ಲಿ ತರಿಸಿದ್ದರು.

ಮೊದಲು ಸರ್ ಕೂತರು, ಮಕ್ಕಳನ್ನು ಕೂರಿಸುವ ಅದೇ ಸ್ಟೂಲಿನ ಮೇಲೆ, ತೋಳು ಮಡಚಿಕೊಂಡು. ಆಮೇಲೆ ಕಸಬಳಿಯುವ ಹೆಂಗಸು, ಔಷಧಿ ಕೊಡುವ ಹುಡುಗಿ. ಮಂಗಲಾ ಸಿಸ್ಟರ್ ಸರದಿ ಬಂದಾಗ ಸಿಸ್ಟರ್ ಇಲ್ಲ. ಇಪ್ಪತ್ತು ವರ್ಷ ಊರಿನ ಮಕ್ಕಳನ್ನು ಚುಚ್ಚಿದ ಹೆಂಗಸು ಪಾಯಖಾನೆಯೊಳಗೆ ಚಿಲಕ ಹಾಕಿಕೊಂಡು ನಿಂತಿದ್ದಳು.

"ಸಿಸ್ಟರ್, ನಿಮ್ಮ ಮೈ ಕಲ್ಲ ಐತೆಲ್ರಿ, ಸೂಜಿ ಏನ ಮಾಡತೈತಿ, ಬರ್ರಿ!"

"ನಾಳೆ ಹಾಕಿಸ್ಕೋತೇನಿ, ಇವತ್ತ ನನಗ ಉಪವಾಸ ಐತೋ!"

"ಬೆಳಿಗ್ಗಿ ಎರಡ ಭಜಿ ತಿಂದೀರಿ, ನಾನ ನೋಡೇನಿ!"

ಕೊನೆಗೆ ಹೊರಗೆ ತಂದು ಕೂರಿಸಿ ಕೈ ಹಿಡಿದುಕೊಂಡೆ. ಗಟ್ಟಿಯಾಗಿ ಕಣ್ಣು ಮುಚ್ಚಿ, "ಕಾಗಿ ಕೂಗೋ ಸಿದ್ಯಾ, ಕಾಗಿ ಕೂಗ," ಎಂದರು. ಕೂಗಿದೆ. ಮೂಗಿಗೆ ಮಾಸ್ಕ್ ಇತ್ತು. ಮಾಸ್ಕಿನೊಳಗಿನ ಕಾಗೆ ನೆಗಡಿಯಾದ ಕಾಗೆಯಂತೆ ಕೇಳಿತು. ನನಗೂ ಕೆಮ್ಮು ಪೂರಾ ಇಳಿದ ಮೇಲೆ ಹಾಕುತ್ತೇನೆ ಎಂದರು ಸರ್. ಒಮ್ಮೆ ರೋಗ ಬಂದುಹೋದವನ ಮೈಯ ತಡೆಯೂ ಸವೆಯುತ್ತದಂತೆ. ಈ ಲೋಕದಲ್ಲಿ ಸವೆಯದ್ದು ಯಾವುದಾದರೂ ಇದೆಯೋ ಇಲ್ಲವೋ.

ಕೂಸಿಗೆ ಒಂದೂವರೆ ತಿಂಗಳಿಗೆ ಹಾಕಬೇಕಾದ ಸೂಜಿ ತಡವಾಗಿತ್ತು. ಅಕ್ಕ ಅದನ್ನು ಕರೆದುಕೊಂಡು ಬಂದ ದಿನ ನಾನು ಹೆಸರು ಕೂಗುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಔಷಧಿ ಕೋಣೆಯ ಹಿಂದೆ ಸರಿದು ನಿಂತೆ. ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತಳು, ಕೂಸನ್ನು ಎದೆಗವಚಿ ಹಿಡಿದಳು. ಮಂಗಲಾ ಸಿಸ್ಟರ್ ಸೂಜಿ ತಯಾರು ಮಾಡಿದರು. ಕೂಸು ಒದೆಯಿತು. ಅಕ್ಕ ಕಾಲು ಹಿಡಿದರೆ ಕೈ ಬಿಡಿಸಿಕೊಂಡಿತು, ಕೈ ಹಿಡಿದರೆ ಕಾಲು. ಅಷ್ಟು ಶಕ್ತಿ ಎಲ್ಲಿಂದ ಬಂತೋ.

ಅಕ್ಕ ತಲೆ ಎತ್ತಿದಳು. ನೇರ ಬಾಗಿಲ ಸಂದಿಯನ್ನೇ ನೋಡಿದಳು.

"ಅಲ್ಲೇನ ಮಾಡಾಕತ್ತೀಲೇ? ಕಾಲ ಹಿಡೀ ಬಾ, ಒದೀತಾಳ."

ಹೋದೆ. ಮಾಸ್ಕನ್ನು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡು, ಮುಖ ಪಕ್ಕಕ್ಕೆ ಮಾಡಿ, ಎರಡೂ ಪಾದ ಹಿಡಿದುಕೊಂಡೆ. ಬೆಚ್ಚಗಿದ್ದವು. ಕಾಗೆ ಕೂಗಲಿಲ್ಲ, ಏನೂ ಕೂಗಲಿಲ್ಲ. ಸೂಜಿ ಒಳಗೆ ಹೋಯಿತು.

ಕೂಸು ಕಿರುಚಿತು. ಹೊರಗಿನ ಹಾಲಿನಲ್ಲಿ ಜನ ತಿರುಗಿ ನೋಡುವಷ್ಟು ಕಿರುಚಿತು. ಒಂದೇ ಉಸಿರಿನಲ್ಲಿ, ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಕಿರುಚು ತೆಳ್ಳಗಾಗುತ್ತಾ ಆಗುತ್ತಾ ಹೋಗಿ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಸಪ್ಪಳವಿಲ್ಲ. ಎಲ್ಲ ಕೂಸುಗಳೂ ಅತ್ತು ಅತ್ತು ಹಾಗೆ ಒಂದು ಗಳಿಗೆ ನಿಲ್ಲುತ್ತವೆ, ದಿನಾ ನೋಡಿದ್ದೇನೆ. ಆದರೂ ಅಕ್ಕನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಉಗುರು ಚರ್ಮಕ್ಕಿಳಿಯುವ ಹಾಗೆ. ಸಿಸ್ಟರ್ ಹತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಸರ್ ಕುರ್ಚಿಯಿಂದ ಎದ್ದರು. ನಾವು ಯಾರೂ ಉಸಿರಾಡಲಿಲ್ಲ.

ಆಮೇಲೆ ಕೂಸು ಉಸಿರು ಎಳೆದುಕೊಂಡಿತು, ದೊಡ್ಡದಾಗಿ, ಹೊಟ್ಟೆಯವರೆಗೆ, ಎಲ್ಲೂ ತಡೆಯದೆ. ಎಳೆದುಕೊಂಡು ಮತ್ತೆ ಕಿರುಚಿತು.